ಅರ್ಧ ಬೆರಳಿನ ಗುರುತು

ದೆವ್ವ ಕಂಡೆವೆಂದು ಹೇಳಿದವರನ್ನು ನಾನು ಎದುರಿಗೇ ಗೇಲಿ ಮಾಡಿದವನು. ಭೌತಶಾಸ್ತ್ರ ಕಲಿಸುವವನಿಗೆ ಅಷ್ಟು ಸೊಕ್ಕು ಇರಬೇಕು ಅಂದುಕೊಂಡಿದ್ದೆ. ಈಗ ಹೇಳುವುದನ್ನು ನೀವು ನಂಬಲೇಬೇಕೆಂದೇನಿಲ್ಲ.

ಕೂಡ್ಲಿಗಿ ಹತ್ತಿರ ನಮ್ಮ ವಿಶ್ವವಿದ್ಯಾಲಯದ ಭೌತಶಾಸ್ತ್ರ ಮ್ಯೂಸಿಯಂ ಇದೆ. ಯಾರು ಬೇಕಾದರೂ ಬಂದು ಎಲ್ಲವನ್ನೂ ಮುಟ್ಟಿ ನೋಡಬಹುದು. ಅಲ್ಲಿ ಗೋಡೆಗೆ ಒಂದು ಕಪ್ಪು ಹಾಳೆ ಅಂಟಿಸಿದ್ದೇವೆ. ಅಂಗೈ ಒತ್ತಿದರೆ ಮೈಬಿಸಿಗೆ ಹಸಿರು ಗುರುತು ಮೂಡಿ, ಎರಡು ನಿಮಿಷದಲ್ಲಿ ಮಾಯವಾಗುತ್ತದೆ. ಜನ ಜಾಸ್ತಿಯಿದ್ದರೆ ಅಷ್ಟೂ ಕಾಯುವುದಿಲ್ಲ. ತಣ್ಣೀರಿನ ಬಟ್ಟೆಯಿಂದ ಒರೆಸಿ ಮುಂದಿನವರನ್ನು ಕರೆಯುತ್ತೇವೆ. ಅದನ್ನು ಅಂಟಿಸಿದವನು ನಮ್ಮ ಮೆಕ್ಯಾನಿಕ್ ಕೊಟ್ರೇಶ. ಲೇತ್ ಯಂತ್ರಕ್ಕೆ ಸಿಕ್ಕು ಅವನ ಬಲಗೈಯ ತೋರುಬೆರಳು ಅರ್ಧ ಹೋಗಿತ್ತು.

ಕೊಟ್ರೇಶ ಹೆದ್ದಾರಿಯಲ್ಲಿ ಲಾರಿಗೆ ಸಿಕ್ಕು ತೀರಿಕೊಂಡ. ಆಸ್ಪತ್ರೆಯಿಂದ ಹೆಣವನ್ನು ಪೂರ್ತಿ ಬಟ್ಟೆ ಸುತ್ತಿ ಕೊಟ್ಟರು. "ಮಾರಿ ಬ್ಯಾಡ, ಕೈಯಾದ್ರೂ ಹಿಡ್ಕೊಳ್ಳಾಕ ಬಿಡ್ರಿ" ಎಂದು ಹೆಂಡತಿ ನಾಗಮ್ಮ ಅಂಗಲಾಚಿದಳು. ನೋಡಲಾಗದು, ಬೇಡ ಎಂದವರಲ್ಲಿ ನಾನೂ ಒಬ್ಬ.

ಐದನೆಯ ದಿನ ಬೆಳಗ್ಗೆ ಅವನ ಸಾಮಾನು ಒಯ್ಯಲು ಆಕೆ ಗುಡೇಕೋಟೆಯಿಂದ ಬಂದಳು. ಅವನು ಸತ್ತಂದಿನಿಂದ ಮ್ಯೂಸಿಯಂಗೆ ಬೀಗ ಹಾಕಿತ್ತು. ಕೀಲಿ ನನ್ನ ಹತ್ತಿರವೇ ಇತ್ತು. ಆಕೆ ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ ನಾನು ಒಳಗೆ ಹೋಗಿ, ಬಟ್ಟೆಯನ್ನು ನೀರಿನಲ್ಲಿ ಅದ್ದಿ, ಎಂದಿನಂತೆ ಧೂಳು ಒರೆಸತೊಡಗಿದೆ. ಹಾಳೆಯ ಮೇಲೆ ಒಂದು ಬಲಗೈ ಹಸಿರಾಗಿ ಮೂಡಿತ್ತು. ತೋರುಬೆರಳು ಅರ್ಧಕ್ಕೇ ನಿಂತಿತ್ತು. ಕಣ್ಣಾರೆ ಕಂಡೆ. ಆದರೆ ಕೈಗೆ ಅಭ್ಯಾಸವಾಗಿತ್ತು, ಒರೆಸಿಬಿಟ್ಟೆ.

ಅಷ್ಟರಲ್ಲಿ ನಾಗಮ್ಮ ಪಕ್ಕಕ್ಕೆ ಬಂದು ನಿಂತಿದ್ದಳು.

"ಇದಾ ಏನ್ರಿ ಸರ, ನಮ್ಮನಿಯವ್ರು ಹಚ್ಚಿದ್ದು?" ಎನ್ನುತ್ತ ಹಾಳೆಯ ಮೇಲೆಲ್ಲ ಅಂಗೈ ಆಡಿಸಿದಳು. ನಾನು ಒರೆಸಿದ ಜಾಗಕ್ಕೇ ಬಂದು ಕೈ ನಿಂತಿತು. "ಎಲ್ಲಾ ಕಡಿ ತಣ್ಣಗೈತಿ, ಇಲ್ಲಷ್ಟ ಬೆಚ್ಚಗೈತ್ರಿ. ಈಗ ಯಾರರ ಕೈ ಇಟ್ಟಿದ್ರೇನು?"

ಒದ್ದೆ ಬಟ್ಟೆಯನ್ನು ಮಡಚಿ ಹಿಡಿದೆ. "ನಾನ ಇಟ್ಟಿದ್ದೆನವ್ವ" ಎಂದೆ.

"ಹೌದೇನ್ರಿ" ಎಂದು ಕೈ ತೆಗೆದಳು. ಆಮೇಲೆ ಅವನ ಚೀಲ ಎತ್ತಿಕೊಂಡು ಬಸ್ಸಿಗೆ ಹೋದಳು.

ಬಿಸಿಲಿಗಾಗಿದ್ದರೆ ಇಡೀ ಹಾಳೆ ಬಣ್ಣ ತಿರುಗಬೇಕಿತ್ತು. ಬೀಗ ಹಾಕಿದ ಕೋಣೆಯಲ್ಲಿ ಇನ್ನೊಬ್ಬರ ಕೈ ಬರಲು ದಾರಿಯಿರಲಿಲ್ಲ. ಎಷ್ಟು ಲೆಕ್ಕ ಹಾಕಿದರೂ ಆ ಗುರುತು ಹೇಗೆ ಬಂತೆಂದು ನನಗೆ ಇವತ್ತಿಗೂ ತಿಳಿದಿಲ್ಲ. ನಾನು ಸುಳ್ಳು ಹೇಳದಿದ್ದರೆ ಆಕೆ ಇನ್ನಷ್ಟು ಹೊತ್ತು ಅಲ್ಲಿ ಕೈ ಇಟ್ಟುಕೊಂಡಿರುತ್ತಿದ್ದಳು ಎಂಬುದು ಮಾತ್ರ ಗೊತ್ತು.