ಓಡುವವಳಿಗೆ ಕೊಟ್ಟ ಮಾತ್ರೆ

ಕುಂದಾಪುರದಲ್ಲಿ ನನ್ನದೊಂದು ಮೆಡಿಕಲ್ ಶಾಪ್ ಇದೆ. ವರ್ಷಗಟ್ಟಲೆ ಕೌಂಟರಿನ ಹಿಂದೆ ನಿಂತು ಒಂದು ಚಾಳಿ ಅಂಟಿಕೊಂಡಿದೆ. ಯಾರಾದರೂ ನೋವೆಂದು ಮುಖ ಕಿವುಚಿದರೆ ಸಾಕು, ಕೈ ತಾನಾಗಿಯೇ ಡ್ರಾಯರಿಗೆ ಹೋಗುತ್ತದೆ. ಇದನ್ನು ನನ್ನ ಒಳ್ಳೆಯತನ ಎಂದೇ ತಿಳಿದಿದ್ದೆ.

ಬಿಜೂರಿನ ಮನೆಯಲ್ಲಿ ನಾನು ಮತ್ತು ತಂಗಿ ಇಬ್ಬರೇ. ಅವಳು ನನಗಿಂತ ಬಹಳ ಚಿಕ್ಕವಳು. ಅಮ್ಮ ಹೋದ ಮೇಲೆ ಸಾಕಿದವಳು ನಾನೇ. ಅವಳಿಗೆ ಪೊಲೀಸ್ ಆಗಬೇಕಿತ್ತು, ಬೇರೆ ಯಾವ ಕೆಲಸದ ಮಾತೆತ್ತಿದರೂ ಸಿಟ್ಟು. ಬರೆಯುವ ಪರೀಕ್ಷೆ ಅವಳಿಗೆ ಲೆಕ್ಕಕ್ಕೇ ಇಲ್ಲ, ಎಡವುತ್ತಿದ್ದದ್ದು ಓಟದಲ್ಲಿ. ವಯಸ್ಸಿನ ಮಿತಿ ದಾಟಲು ಎರಡೇ ವರ್ಷ ಉಳಿದಿತ್ತು. ಕೊಯ್ಲು ಮುಗಿದ ಗದ್ದೆಯಲ್ಲಿ, ಮಳೆಗಾಲದಲ್ಲಿ ರಸ್ತೆ ಬದಿಯಲ್ಲಿ, ದಿನಾ ಬೆಳಿಗ್ಗೆ ಓಡಲು ಶುರುಮಾಡಿದಳು.

ಮೊದಮೊದಲು ಅವಳ ಅವಸ್ಥೆ ನೋಡಲಾಗುತ್ತಿರಲಿಲ್ಲ. ಜಗಲಿಯ ಮೆಟ್ಟಿಲನ್ನು ಏಡಿಯ ಹಾಗೆ ಅಡ್ಡಡ್ಡ ಇಳಿಯುತ್ತಿದ್ದಳು.

"ಅಕ್ಕ, ಕೂತ್ರೆ ಏಳುಕ್ ಆತಿಲ್ಲೆ, ಎದ್ರೆ ಕೂಕಂಬುಕ್ ಆತಿಲ್ಲೆ" ಎಂದು ನಗುತ್ತಲೇ ಹೇಳುತ್ತಿದ್ದಳು.

"ಮೆಡಿಕಲ್ ಇಟ್ಕಂಡ್ ಅಷ್ಟ್ ನೋವ್ ತಿಂಬುದ್ ಎಂತಕ್ಕೆ ಹೆಣೆ?" ಎಂದು ಬೈದು ವಿಟಮಿನ್ ಸಿ ಮಾತ್ರೆ, ವಿಟಮಿನ್ ಇ ಕ್ಯಾಪ್ಸೂಲ್ ತಂದುಕೊಟ್ಟೆ. ಆಂಟಿಆಕ್ಸಿಡೆಂಟ್, ಸ್ನಾಯುಗಳ ಉರಿಯೂತ ಇಳಿಸುತ್ತದೆ ಎಂದು ಡಬ್ಬಿಯ ಮೇಲಿದ್ದದ್ದನ್ನೇ ನನ್ನ ವಿದ್ಯೆಯ ಹಾಗೆ ಉಪದೇಶಿಸಿದೆ. ಕೆಲವು ವಾರಗಳಲ್ಲಿ ನೋವು ಕಡಿಮೆಯಾಯಿತು ಎಂದಳು. ನಾನು ಬೀಗಿದೆ.

ಆದರೆ ಅಲ್ಲಿಯವರೆಗೆ ವಾರವಾರ ಇಳಿಯುತ್ತಿದ್ದ ಓಟದ ಸಮಯ ಒಂದು ಕಡೆ ಬಂದು ನಿಂತುಬಿಟ್ಟಿತು. ಅವಳು ಇನ್ನೂ ಜಾಸ್ತಿ ಓಡಿದಳು. ನಾನು ಇನ್ನೂ ಜಾಸ್ತಿ ಮಾತ್ರೆ ಕೊಟ್ಟೆ. ಮೊದಲ ವರ್ಷ ಆಯ್ಕೆ ಆಗಲಿಲ್ಲ. ಎರಡನೆಯ ವರ್ಷ, ಕೊನೆಯ ಅವಕಾಶ, ಕೂದಲೆಳೆಯಲ್ಲಿ ಹೋಯಿತು. ಹಿಂದಿರುಗುವಾಗ ಬಸ್ಸಿನಲ್ಲಿ ತನ್ನ ತೊಡೆಗೆ ತಾನೇ ಹೊಡೆದುಕೊಂಡು, "ಈ ಮೈಯಂಗ್ ಇಪ್ಪುದೇ ಇಷ್ಟ್ ಅಕ್ಕ" ಎಂದಳು. ಈಗ ಅವಳು ಬಟ್ಟೆ ಅಂಗಡಿಯಲ್ಲಿ ಇಡೀ ದಿನ ಗಿರಾಕಿಗಳು ಕೆದರಿ ಹೋದ ಸೀರೆ ಮಡಚುತ್ತಾಳೆ.

ಕಳೆದ ವರ್ಷ ಬ್ರಹ್ಮಾವರದಲ್ಲಿ ಔಷಧಿ ಅಂಗಡಿಯವರಿಗೆ ಒಂದು ತರಗತಿ ಇತ್ತು. ಪಾಠ ಹೇಳಿದ ಡಾಕ್ಟರು ಮಾತಿನ ನಡುವೆ ಒಂದು ವಿಷಯ ತೆಗೆದರು. ವ್ಯಾಯಾಮದ ನಂತರ ಬರುವ ಉರಿಯೂತ ಕಾಯಿಲೆಯಲ್ಲ, ಸ್ನಾಯುವನ್ನು ಗಟ್ಟಿ ಮಾಡಿಕೊಳ್ಳಲು ದೇಹಕ್ಕೆ ಸಿಗುವ ಸೂಚನೆ. ದಿನವೂ ದೊಡ್ಡ ಪ್ರಮಾಣದಲ್ಲಿ ವಿಟಮಿನ್ ಸಿ, ಇ ಮಾತ್ರೆಗಳನ್ನು ನುಂಗಿದರೆ ಆ ಸೂಚನೆಯೇ ಮಂಕಾಗಬಹುದು, ಪಟ್ಟ ಶ್ರಮದ ಫಲ ಪೂರ್ತಿ ಸಿಗದೇ ಹೋಗಬಹುದು.

ತರಗತಿ ಮುಗಿದ ಮೇಲೆ ಅವರ ಹಿಂದೆಯೇ ಹೋಗಿ, "ಒಬ್ಬ ಹುಡುಗಿಗೆ ಎರಡು ವರ್ಷ ಕೊಟ್ಟಿದ್ದರೆ?" ಎಂದು ಕೇಳಿದೆ.

"ಒಬ್ಬರ ವಿಷಯದಲ್ಲಿ ಹಾಗೆ ಹೇಳಲಿಕ್ಕೆ ಬರುವುದಿಲ್ಲಮ್ಮ. ಅದರಿಂದಲೇ ಆಗಿರಬಹುದು, ಆಗದೆಯೂ ಇರಬಹುದು."

ತಪ್ಪು ನಿನ್ನದೇ ಎಂದಿದ್ದರೆ ಅತ್ತು ಮುಗಿಸುತ್ತಿದ್ದೆ. ಇದು ಅಳಲೂ ಬಿಡದ ಉತ್ತರ. ಮೂರು ತಿಂಗಳು ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು, ತಂಗಿಯ ಮುಖ ನೋಡಿದಾಗಲೆಲ್ಲ ಸಂಕಟಪಟ್ಟೆ. ಕೊನೆಗೆ ಒಂದು ಭಾನುವಾರ ಬೆಳಿಗ್ಗೆ ಗಂಜಿಗೆ ಕೂತಾಗ ಎಲ್ಲವನ್ನೂ ಹೇಳಿಬಿಟ್ಟೆ.

ಅವಳು ಬೈಯಲಿಲ್ಲ. ಬೈಯಲಿ ಎಂದು ನಾನು ಕಾಯುತ್ತಿದ್ದೆ. ಗಂಜಿಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು.

"ನನ್ನಿಂದ ಆಪ್ದಲ್ಲ ಅಂದೇಳಿ ಹ್ಯಾಂಗೋ ಸಮಾಧಾನ ಮಾಡ್ಕಂಡಿದ್ದೆ" ಎಂದಳು. "ಈಗ ಕಂಡ್ರೆ ಆತಿತ್ತೋ ಏನೋ. ಎಂತಕ್ಕೆ ಹೇಳ್ದೆ ಅಕ್ಕ?"

ನನ್ನ ಮನಸ್ಸು ಹಗುರಾಗಲಿ ಎಂದು ಹೇಳಿದ್ದೆ.