ಹುಳುಮನೆಯಲ್ಲಿ ಆರಿಹೋದ ಫೋನು

ರೇಷ್ಮೆಹುಳು ಪೊರೆ ಬಿಡುವ ಮುಂಚೆ ಸೊಪ್ಪು ಮುಟ್ಟದೆ, ತಲೆಯೆತ್ತಿ, ಅಲ್ಲಾಡದೆ ಕೂರುತ್ತದೆ. ಜ್ವರಕ್ಕೆ ಕೂತಿದೆ ಅನ್ನುತ್ತೇವೆ. ಆಗ ಸುಗಟೂರಿನ ನಮ್ಮ ಹುಳುಮನೆ ಎಷ್ಟು ನಿಶ್ಶಬ್ದವೆಂದರೆ ನನಗೂ ಕಣ್ಣು ಎಳೆಯುತ್ತದೆ. ಅಂಥ ಒಂದು ಮಧ್ಯಾಹ್ನವೇ ನನ್ನ ತಪ್ಪು ನಡೆದದ್ದು.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ತಂಗಿ ಕೋಲಾರದಲ್ಲಿ ಡಿಪ್ಲೊಮಾ ಮುಗಿಸಿ ವೇಮಗಲ್‌ನ ಕಾರ್ಖಾನೆಗೆ ಹೋಗುತ್ತಾಳೆ. ರಜೆಯ ದಿನಗಳಲ್ಲಿ ಕೂತು ಹುಳು ಸಾಕುವವರಿಗಾಗಿ ಒಂದು ಆ್ಯಪ್ ಬರೆದಳು. ಪ್ರತಿ ಬೆಳೆಯಲ್ಲೂ ಏನಾಯಿತು, ಏನು ಮಾಡಿದೆವು ಎಂದು ಬರೆದಿಟ್ಟರೆ, ಬೇಕಾದಾಗ ಒಂದು ಪದ ಹಾಕಿ ಹುಡುಕಬಹುದು. ಹುಳುಮನೆಯಲ್ಲಿ ಸಿಗ್ನಲ್ ಇಲ್ಲ. ಹುಡುಕಾಟ ಫೋನಿನೊಳಗೇ ಆಗಬೇಕು. ಅದಕ್ಕೆ ಬೇರೆಯವರು ಬರೆದಿಟ್ಟ, ಲೈಬ್ರರಿ ಅನ್ನುವ ಸಿದ್ಧ ಪ್ರೋಗ್ರಾಂ ಸಿಗುತ್ತದಂತೆ, ಆ್ಯಪಿನೊಳಗೆ ಕೂರಿಸಿಕೊಂಡರಾಯಿತು.

"ಪುಸ್ತಕದ ಕೊನೇಲಿ ಯಾವ ಪದ ಯಾವ ಪುಟದಲ್ಲೈತೆ ಅಂತ ಪಟ್ಟಿ ಇರ್ತದಲ್ಲಾ, ಅಂಥದ್ದು ಕಣಣ್ಣಾ. ಎರಡು ನೋಡಿದೀನಿ. ಒಂದು ಚುರುಕು, ಒಂದು ನಿಧಾನ. ಚುರುಕಿನದನ್ನ ಒಂದು ವಾರ ಬಳಸು. ಏನೇ ಎಡವಟ್ಟಾದ್ರೂ ಹೇಳು."

ಆ ಮಧ್ಯಾಹ್ನ ಹಾಡು ಹಾಕಿಕೊಂಡು ಟಿಪ್ಪಣಿ ಬರೆಯುತ್ತಾ ಚೀಲಗಳ ಮೇಲೆ ಒರಗಿದೆ. ಕಿಟಕಿಯ ಜಾಲರಿಯಿಂದ ಬಿಸಿಲು ಪುಡಿಪುಡಿಯಾಗಿ ಹುಳುಗಳ ಮೇಲೆ ಉದುರುತ್ತಿತ್ತು. ನಾನೂ ಅವುಗಳ ನಡುವೆ ಬೆಳ್ಳಗೆ, ಮೆತ್ತಗೆ ಮಲಗಿದ್ದೇನೆ ಅನಿಸಿತು. ಎಚ್ಚೆತ್ತು ಟಿಪ್ಪಣಿ ಉಳಿಸಲು ಒತ್ತಿದ ಗಳಿಗೆಯಲ್ಲೇ ಚಾರ್ಜ್ ಮುಗಿದು ಫೋನು ಆರಿತು. ಮತ್ತೆ ಆನ್ ಮಾಡಿದಾಗ ಟಿಪ್ಪಣಿಗಳಿದ್ದವು, ಹುಡುಕಿದರೆ ಒಂದೂ ಸಿಗಲಿಲ್ಲ. ಆ್ಯಪ್ ತೆಗೆದು ಮತ್ತೆ ಹಾಕಿದೆ. ಬರೆದದ್ದು ಹೋಯಿತು, ಹುಡುಕಾಟ ಸರಿಯಾಯಿತು. ಹೇಳಿದರೆ ಕೆಲಸದ ಹೊತ್ತಲ್ಲಿ ಮಲಗಿದ್ದು ಗೊತ್ತಾಗುತ್ತದಲ್ಲ.

ವಾರ ಕಳೆದು ತಂಗಿ ಕೇಳಿದಾಗ "ಏನೂ ತೊಂದ್ರೆ ಇಲ್ಲಮ್ಮ" ಎಂದೆ. ಅವಳು ಚುರುಕಿನದನ್ನೇ ಆಯ್ದುಕೊಂಡು, ಆ್ಯಪನ್ನು ಅಕ್ಕಪಕ್ಕದವರಿಗೂ ಕೊಟ್ಟಳು.

ಕೆಲವು ಬೆಳೆಗಳ ನಂತರ ಪಕ್ಕದ ಮನೆಯ ಅತ್ತೆಯ ಹುಳುಗಳಿಗೆ, ಮೈಯಿಂದ ಹಾಲಿನಂಥ ನೀರು ಸೋರಿ ಬೇಗ ಹರಡುವ ಹಾಲುರೋಗ ಹತ್ತಿತು. ಹಿಂದೊಮ್ಮೆ ಅದನ್ನು ತಡೆದದ್ದು ಹೇಗೆಂದು ಅವರು ಆ್ಯಪಿನಲ್ಲಿ ಬರೆದಿಟ್ಟಿದ್ದರು. ಹುಡುಕಿದರೆ ಏನೂ ಬರಲಿಲ್ಲ. ಹಿಂದಿನ ದಿನ ಬರೆಯುವಾಗಲೇ ಚಾರ್ಜ್ ಮುಗಿದಿತ್ತಂತೆ.

"ಏನ್ ನಾಯ್ನಾ, ನಿನ್ ತಂಗಿ ಆ್ಯಪೂ ಜ್ವರಕ್ಕೆ ಕೂತೈತಾ?" ಎಂದು ನಕ್ಕರು. ಫೋನನ್ನು ನನ್ನ ಕೈಗಿಟ್ಟರು.

ಒಂದೊಂದೇ ಟಿಪ್ಪಣಿ ತೆರೆದು, ಅಕ್ಷರ ಕೂಡಿಸಿ ಓದುತ್ತಾ ಹೋದೆ. ಸಿಗುವಷ್ಟರಲ್ಲಿ ಸಂಜೆಯಾಯಿತು. ಅಷ್ಟರಲ್ಲಿ ರೋಗ ಹರಡಿತ್ತು, ಮಾರನೆಯ ದಿನ ಅರ್ಧ ಹುಳುಗಳನ್ನು ಗುಂಡಿಗೆ ಹಾಕಿದೆವು.

ತಂಗಿ ತನ್ನನ್ನೇ ಹಳಿದುಕೊಳ್ಳುತ್ತಿದ್ದಳು. ತಡೆಯಲಾಗದೆ ಎಲ್ಲ ಹೇಳಿದೆ.

"ಮಲಗಿದ್ದಕ್ಕೆ ಯಾರು ಬೈತಿದ್ರೋ ನಿನ್ನ? ಇಂಥದ್ದು ತಿಳ್ಕೊಳ್ಳೋಕೇ ಅಲ್ವಾ ನಿನ್ ಕೈಗೆ ಕೊಟ್ಟಿದ್ದು!"

ಬರೆಯುವಾಗ ಫೋನ್ ಆರಿದರೆ ಹುಡುಕಾಟದ ಪಟ್ಟಿಯೇ ಕೆಡುತ್ತಿದ್ದ ಆ ಲೈಬ್ರರಿ ತೆಗೆದು ನಿಧಾನದ್ದನ್ನು ಹಾಕಿದಳು. ಈ ಸಲ ಪರೀಕ್ಷೆಗೆ ನನಗಲ್ಲ, ಅತ್ತೆಯ ಕೈಗೆ ಕೊಟ್ಟಳು. ಒಂದು ವಾರ ಅತ್ತೆ ಬೇಕೆಂದೇ ಬರೆಯುತ್ತಾ ಬರೆಯುತ್ತಾ ಫೋನ್ ಆರಿಸಿ, ಮತ್ತೆ ಹುಡುಕಿ, ಆದದ್ದನ್ನೆಲ್ಲ ಅವಳಿಗೆ ವರದಿ ಒಪ್ಪಿಸುತ್ತಿದ್ದರು. ನಾನು ಸೊಪ್ಪು ಹಾಸುತ್ತಾ ಕೇಳಿಸಿಕೊಳ್ಳುತ್ತಿದ್ದೆ.