ರಿಲೀವರ್ ಬರುವವರೆಗೆ

ನಮ್ಮ ಯಜಮಾನರು ಕೆ.ಆರ್. ಪುರದ ಆಚೆ ಒಂದು ಕಾರ್ಖಾನೆಯಲ್ಲಿ ಕುಲುಮೆ ನೋಡಿಕೊಳ್ಳುವ ಕೆಲಸದಲ್ಲಿದ್ದಾರೆ. ಕಬ್ಬಿಣದ ಬಿಡಿಭಾಗಗಳನ್ನು ಕೆಂಪಗೆ ಕಾಯಿಸಿ ಗಟ್ಟಿ ಮಾಡುವ ಕುಲುಮೆ. ಸಂಜೆ ಹೊತ್ತು ಮೃದಂಗ ನುಡಿಸುತ್ತಾರೆ. ಮದುವೆಯಾಗಿ ಬಂದಾಗಿನಿಂದ ಎರಡನ್ನೂ ನೋಡಿದ್ದೇನೆ. ಯಾವುದನ್ನೂ ಅವರು ಅರೆಮನಸ್ಸಿನಿಂದ ಮಾಡಿದ್ದಿಲ್ಲ, ಕಷ್ಟ ಇರುವುದೂ ಅಲ್ಲಿಯೇ.

ಕುಲುಮೆಯ ಕೆಲಸದಲ್ಲಿ ಒಂದು ಕಟ್ಟುನಿಟ್ಟಿದೆ. ಮುಂದಿನ ಪಾಳಿಯವನು ಬಂದು ರಿಜಿಸ್ಟರಿನಲ್ಲಿ ಸಹಿ ಹಾಕುವವರೆಗೆ ಈ ಪಾಳಿಯವನು ಜಾಗ ಬಿಟ್ಟು ಕದಲುವ ಹಾಗಿಲ್ಲ. ಹಾಗೆ ಬರುವವನಿಗೆ ರಿಲೀವರ್ ಎನ್ನುತ್ತಾರೆ. ಸಂಗೀತ ಕಚೇರಿ ಇರುವ ದಿನ ನಾನು ದೇವರ ದೀಪ ಹಚ್ಚಿ ಮೊದಲು ಬೇಡಿಕೊಳ್ಳುತ್ತಿದ್ದುದೇ ಅವನು ಹೊತ್ತಿಗೆ ಸರಿಯಾಗಿ ಬರಲಿ ಎಂದು. ಅವನ ಮುಖವನ್ನು ನಾನು ಒಂದು ದಿನವೂ ನೋಡಿದ್ದಿಲ್ಲ.

ನಾನು ಹೇಳಹೊರಟಿರುವ ಶುಕ್ರವಾರಕ್ಕೆ ಎರಡು ತಿಂಗಳ ಮುಂಚೆ ಹಲಸೂರಿನಲ್ಲಿ ಒಂದು ಕಚೇರಿ ಇತ್ತು. ರಿಲೀವರ್ ತಡವಾಗಿ ಬಂದ. ಇವರು ಹೋಗಿ ಮುಟ್ಟುವಷ್ಟರಲ್ಲಿ ಹಾಡುವ ಹಿರಿಯರು ಮೃದಂಗವಿಲ್ಲದೆ ಎರಡು ಕೃತಿ ಮುಗಿಸಿದ್ದರು. ಕೊನೆಯಲ್ಲಿ ಇವರನ್ನು ಪಕ್ಕಕ್ಕೆ ಕರೆದು, "ಇನ್ನೊಂದ್ಸಲ ಹೀಗಾದ್ರೆ ನಾನು ಬೇರೆಯವರನ್ನ ನೋಡ್ಕೋಬೇಕಾಗತ್ತೆ. ತಪ್ಪು ತಿಳ್ಕೋಬೇಡಿ," ಎಂದರು. ದೊಡ್ಡವರ ಪೈಕಿ ಇವರನ್ನು ಕರೆಯುತ್ತಿದ್ದವರು ಅವರೊಬ್ಬರೇ. ಇತ್ತ ಕಾರ್ಖಾನೆಯ ಸೂಪರ್‌ವೈಸರ್, "ಒಂದು ದಿನ ಜಾಗ ಬಿಟ್ಟು ಹೋಗಿ ನೋಡಿ, ವಿದ್ವಾಂಸ್ರೇ. ಆಮೇಲೆ ಪೂರ್ತಿ ಟೈಮ್ ಬಾರಿಸ್ಕೊಂಡೇ ಇರಬಹುದು," ಎಂದು ಎಲ್ಲರೆದುರು ಅಂದಿದ್ದರಂತೆ.

ಶುಕ್ರವಾರ ಇಂದಿರಾನಗರದಲ್ಲಿ ಅದೇ ಹಿರಿಯರ ಕಚೇರಿ, ಐದೂವರೆಗೆ. ಇವರ ಪಾಳಿ ಎರಡಕ್ಕೆ ಮುಗಿಯಬೇಕು. ಮನೆಗೆ ಬಂದು ಸ್ನಾನ ಮಾಡಿ ಹೊರಟರೂ ಬೇಕಾದಷ್ಟು ಸಮಯವಿತ್ತು. ಮೂರು ಗಂಟೆಗೆ ಫೋನ್ ಬಂತು.

"ರಿಲೀವರ್ ಬಂದಿಲ್ಲ ಕಣೇ. ಫೋನೂ ಎತ್ತುತಿಲ್ಲ. ನೀನು ಮೃದಂಗ ತಗೊಂಡು ಹಾಲ್‌ಗೆ ಹೋಗ್ಬಿಡು. ನಾನು ಇಲ್ಲಿಂದ ಸೀದಾ ಬರ್ತೀನಿ."

"ನಾನಾ? ನೀವು ನನಗೆ ಅದನ್ನ ಮುಟ್ಟೋಕ್ ಬಿಟ್ಟಿದ್ದು ಯಾವಾಗ್ರೀ?"

"ಇವತ್ತು ಬಿಡ್ತಾ ಇದೀನಿ. ನೇತಾಡಿಸ್ಕೊಂಡು ಹೋಗ್ಬೇಡ, ತಬ್ಕೊಂಡು ಹೋಗು. ಚೀಲದಲ್ಲಿ ಕಲ್ಲಿದೆ. ರವೆ ಡಬ್ಬಿ ಖಾಲಿ ಆಗಿದೆ, ತುಂಬ್ಕೋ."

ಶ್ರುತಿ ಮಾಡಲು ಅಂಚಿಗೆ ಬಡಿಯುವುದಕ್ಕೆ ಕಲ್ಲು ಬೇಕು. ಮೃದಂಗದ ಎಡಮುಖಕ್ಕೆ ನೀರಿನಲ್ಲಿ ಕಲಸಿದ ರವೆಯನ್ನು ರೊಟ್ಟಿಯ ಹಾಗೆ ತಟ್ಟಿ ಅಂಟಿಸುತ್ತಾರೆ, ಅದಿಲ್ಲದೆ ಗುಂ ಎನ್ನುವ ನಾದ ಬರುವುದಿಲ್ಲ. ಅಡುಗೆಮನೆಯಿಂದ ಎರಡು ಹಿಡಿ ರವೆ ತುಂಬಿಕೊಂಡು, ಇವರ ಪಂಚೆ ಶರಟು ಮಡಿಸಿಕೊಂಡು ಹೊರಟೆ.

ರಾಮಮೂರ್ತಿ ನಗರದಲ್ಲಿ ಆ ಹೊತ್ತಿಗೆ ಕೈ ಮಾಡಿದ ಮೊದಲ ಆಟೋವೇ ನಿಂತಿತು. ಅದನ್ನೂ ದೇವರ ಕೃಪೆ ಎಂದೇ ಎಣಿಸಿದೆ. ಮೆಟ್ರೋ ಸ್ಟೇಷನ್ನಿನ ತಪಾಸಣೆಯಲ್ಲಿ ಹೆಣ್ಣುಮಗಳೊಬ್ಬಳು ತಡೆದಳು.

"ಏನಮ್ಮಾ ಒಳಗೆ, ಸಿಲಿಂಡರಾ?"

"ಮೃದಂಗ ಕಣಮ್ಮ."

"ಬಿಚ್ಚಿ ತೋರ್ಸಿ."

ಗವಸು ಬಿಚ್ಚಿದೆ. ಅವಳು ಬೆರಳಿನಿಂದ ಒಂದು ಸಲ ತಟ್ಟಿ ನಕ್ಕು, "ಹೋಗಿ, ಹೋಗಿ," ಎಂದಳು. ಹಿಂದೆ ನಿಂತಿದ್ದವರು ಯಾರೂ ಗೊಣಗಲಿಲ್ಲ. ಅದು ಎರಡನೆಯ ಕೃಪೆ.

ರೈಲಿನಲ್ಲಿ ಕೂರಲು ಜಾಗ ಸಿಕ್ಕಿತು. ಆದರೆ ಕೂತ ಮೇಲೆ ಹೆದರಿಕೆ ಶುರುವಾಯಿತು. ಎಂಟು ತಿಂಗಳಿಂದ ನಾನು ದೇವರಲ್ಲಿ ಒಂದು ಮಾತು ಕೇಳುತ್ತಾ ಬಂದಿದ್ದೆ, ಇವರಿಗೆ ಹೇಳಿರಲಿಲ್ಲ. ಬೆಳಗಿನ ಐದು ಗಂಟೆಗೆ ಕಾರ್ಖಾನೆಗೆ ಹೊರಡುತ್ತಿದ್ದರು, ರಾತ್ರಿ ಸಾಧನೆಗೆ ಕೂರುತ್ತಿದ್ದರು. ಕುಲುಮೆಯ ಝಳಕ್ಕೆ ಅಂಗೈ ಒಡೆದು, ಒಡೆದ ಅಂಗೈಯಲ್ಲೇ ನುಡಿಸುತ್ತಿದ್ದರು. ನೋಡಲಾರದೆ, "ಎರಡರಲ್ಲಿ ಒಂದನ್ನ ಇವರ ಕೈಯಿಂದ ಬಿಡಿಸಪ್ಪಾ," ಎಂದು ಬೇಡಿಕೊಂಡಿದ್ದೆ. ಯಾವುದನ್ನು ಎಂದು ಹೇಳಿರಲಿಲ್ಲ. ಹೇಳುವ ಧೈರ್ಯ ನನಗಿರಲಿಲ್ಲ. ಈಗ ಆ ಭಗವಂತ ಕಿವಿಗೊಟ್ಟುಬಿಟ್ಟನೇನೋ ಎಂದು ಅನ್ನಿಸಿತು. ಮೃದಂಗವನ್ನು ತಬ್ಬಿಕೊಂಡೇ, ಬೇಡಪ್ಪಾ, ನಾನು ಕೇಳಿದ್ದನ್ನು ಮರೆತುಬಿಡು ಎಂದೆ.

ಹಾಲ್ ಇದ್ದದ್ದು ಒಂದು ಹಳೆಯ ಮನೆಯ ಮಹಡಿಯಲ್ಲಿ. ಹಿರಿಯರು ಆಗಲೇ ತಂಬೂರಿ ಶ್ರುತಿ ಮಾಡುತ್ತಿದ್ದರು. ನನ್ನನ್ನು ನೋಡಿ, ನನ್ನ ತೋಳಿನಲ್ಲಿದ್ದ ಮೃದಂಗವನ್ನು ನೋಡಿ, "ವಾದ್ಯ ಬಂತು. ವಾದಕರು ಎಲ್ಲಮ್ಮಾ?" ಎಂದರು.

"ದಾರೀಲಿದ್ದಾರೆ ಸರ್." ಸುಳ್ಳು ಹೇಳಿದೆ. ಆಗ ನಾಲ್ಕೂಮುಕ್ಕಾಲು. ಇವರ ಫೋನ್ ರಿಂಗಾಗುತ್ತಿತ್ತು, ಎತ್ತುವವರಿರಲಿಲ್ಲ.

"ದೊಮ್ಮಲೂರಲ್ಲಿ ನನಗೆ ಗೊತ್ತಿರೋ ಮೃದಂಗದವರೊಬ್ಬರಿದ್ದಾರೆ. ಐದೂ ಕಾಲಿಗೆ ಅವರಿಗೆ ಫೋನ್ ಮಾಡ್ತೀನಿ. ನಿಮ್ಮ ಮೇಲೆ ಕೋಪ ಇಲ್ಲಮ್ಮ."

ಗೋಡೆಯ ಗಡಿಯಾರದ ಕೆಳಗೆ ಕೂತು ಅಷ್ಟೋತ್ತರ ಹೇಳಲು ಶುರುಮಾಡಿದೆ. ನಡುವೆ ತಪ್ಪಿ ತಪ್ಪಿ ಮೂರು ಸಲ ಮೊದಲಿಂದ ಹೇಳಿದೆ. ಐದೂ ಹತ್ತಕ್ಕೆ ಮೆಟ್ಟಿಲಿನ ಮೇಲೆ ಬೂಟಿನ ಸದ್ದಾಯಿತು. ಇವರು ಕಾರ್ಖಾನೆಯ ನೀಲಿ ಅಂಗಿಯಲ್ಲೇ ಬಂದಿದ್ದರು. ಹಿರಿಯರು ಕೈಯಲ್ಲಿ ಹಿಡಿದಿದ್ದ ಫೋನನ್ನು ಕೆಳಗಿಟ್ಟರು.

ಒಳಕೋಣೆಯಲ್ಲಿ ಬಟ್ಟೆ ಬದಲಿಸುವಾಗ ಮೆಲ್ಲಗೆ ಕೇಳಿದೆ. "ರಿಲೀವರ್ ಬಂದ್ರಾ?"

"ಇಲ್ಲ. ಪಕ್ಕದ ಕುಲುಮೆಯವನು ನಿಂತಿದಾನೆ. ಎರಡೂ ನಾನೇ ನೋಡ್ಕೋತೀನಿ ಹೋಗು ಗುರು ಅಂದ."

"ಅದು ನಡೆಯುತ್ತಾ ಅಲ್ಲಿ?"

"ನಡೆಯಲ್ಲ. ನಾಳೆ ನೋಡಣ. ರವೆ ಕೊಡು."

ಬಟ್ಟಲಲ್ಲಿ ನೀರು ಹಾಕಿ ಕಲಸಿದರು. ಕಲಸಿದರು, ಮತ್ತೆ ಕಲಸಿದರು. ಮರಳಿನ ಹಾಗೆ ಬಿಡಿಬಿಡಿಯಾಗಿ ಬೆರಳ ಸಂದಿಯಿಂದ ಉದುರಿತು. ಇವರು ತಲೆಯೆತ್ತಿ ನನ್ನ ಮುಖ ನೋಡಿದರು.

"ಇದನ್ನ ಹುರಿದಿದೀಯಾ?"

ಅಂಗಡಿಯಿಂದ ತಂದ ದಿನವೇ ರವೆಯನ್ನು ಹುರಿದು ಡಬ್ಬಿಗೆ ತುಂಬುವುದು ನನ್ನ ರೂಢಿ. ಹುಳ ಬೀಳುವುದಿಲ್ಲ, ಉಪ್ಪಿಟ್ಟೂ ಉದುರುದುರಾಗಿ ಬರುತ್ತದೆ. ಹುರಿದ ರವೆಗೆ ಅಂಟು ಇರುವುದಿಲ್ಲ ಎಂಬುದು ಇಪ್ಪತ್ತು ವರ್ಷ ಅಡುಗೆ ಮಾಡಿದ ನನಗೆ ಆ ಗಳಿಗೆಯಲ್ಲಿ ಹೊಳೆಯಿತು. ಇವರಿಗೆ ಉತ್ತರವನ್ನೂ ಕೊಡದೆ ಕೆಳಗೆ ಓಡಿದೆ.

ಕೆಳಮನೆಯ ಬಾಗಿಲು ತೆಗೆದ ವಯಸ್ಸಾದ ತಾಯಿ, ಏದುಸಿರು ಬಿಡುತ್ತಿದ್ದ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಒಂದು ಹಿಡಿ ರವೆ ಇದ್ರೆ ಕೊಡ್ತೀರಾ ಅಮ್ಮಾ? ಹುರೀದೇ ಇರೋದು."

"ಈ ಹೊತ್ತಲ್ಲಿ ಉಪ್ಪಿಟ್ಟಾ?"

"ಮೃದಂಗಕ್ಕೆ."

"ಅಯ್ಯೋ, ರವೆ ಇಲ್ವಲ್ಲಮ್ಮ. ಗೋಧಿ ಹಿಟ್ಟಿದೆ. ಎಣ್ಣೆ ಉಪ್ಪು ಹಾಕ್ದೆ ಕಲಸ್ಕೊಡ್ಲಾ?" ಎನ್ನುತ್ತಲೇ ಒಳಗೆ ಹೋಗಿ ಹಿಟ್ಟು ಕಲಸತೊಡಗಿದರು. ಮಹಡಿಯ ಮೇಲೆ ಎಷ್ಟು ಕಚೇರಿ ನೋಡಿದ್ದರೋ ಏನೋ.

ಐದೂವರೆಗೆ ಕಚೇರಿ ಶುರುವಾಯಿತು. ಏನು ಹಾಡಿದರು ಎಂದು ಕೇಳಿದರೆ ಇವತ್ತಿಗೂ ಹೇಳಲಾರೆ. ನನ್ನ ಕಣ್ಣೆಲ್ಲ ಮೃದಂಗದ ಎಡಮುಖದ ಮೇಲಿತ್ತು. ಫ್ಯಾನಿನ ಗಾಳಿಗೆ ಹಿಟ್ಟಿನ ಅಂಚು ಒಣಗಿ ಬಿಟ್ಟುಕೊಳ್ಳುತ್ತಿತ್ತು. ಪ್ರತಿ ಹಾಡು ಮುಗಿದಾಗಲೂ ಇವರು ಲೋಟದಲ್ಲಿ ಬೆರಳದ್ದಿ ಅದನ್ನು ಒತ್ತಿ ಕೂರಿಸುತ್ತಿದ್ದರು. ತನಿ ಆವರ್ತನದಲ್ಲಿ ಇವರೊಬ್ಬರೇ ನುಡಿಸಬೇಕು, ನಡುವೆ ನಿಲ್ಲಿಸುವಂತಿಲ್ಲ. ಹಿಟ್ಟು ಅರ್ಧ ಎದ್ದುನಿಂತಿತು. ಇವರು ನುಡಿಸುತ್ತಲೇ ಎಡಗೈಯ ಬುಡದಿಂದ ಅದನ್ನು ಒತ್ತಿ ಹಿಡಿದರು. ಬಿದ್ದಿದ್ದರೆ ಎಲ್ಲರಿಗೂ ಕಾಣುತ್ತಿತ್ತು. ಬೀಳಲಿಲ್ಲ.

ಮುಗಿದ ಮೇಲೆ ಹಿರಿಯರು ಶಾಲು ಮಡಿಸುತ್ತಾ, "ಎಡಗಡೆ ಇವತ್ತು ಯಾಕೋ ಮಂಕಾಗಿತ್ತಲ್ಲ," ಎಂದರು.

"ನಾನು ಸರಿಯಾಗಿ ಹಚ್ಚಲಿಲ್ಲ ಸರ್," ಎಂದರು ಇವರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಆ ದಿನ ನಾನು ಎಣಿಸಿದ ಕೃಪೆಗಳಲ್ಲಿ ಇದಕ್ಕಿಂತ ದೊಡ್ಡದು ಇರಲಿಲ್ಲ.

"ಮುಂದಿನ ತಿಂಗಳು ಎರಡು ಕಚೇರಿ ಇದೆ. ಎರಡೂ ವಾರದ ನಡುವೆ. ಆಗತ್ತಾ?"

ಹೂಂ ಎನ್ನುತ್ತಾರೆ ಅಂದುಕೊಂಡೆ, ಯಾವಾಗಲೂ ಹಾಗೆಯೇ ಅನ್ನುತ್ತಿದ್ದರು. "ನಾಳೆ ಹೇಳ್ತೀನಿ ಸರ್. ಇವತ್ತು ಕೆಲಸದ ಜಾಗ ಬಿಟ್ಟು ಬಂದಿದೀನಿ. ನಾಳೆ ಏನಾಗತ್ತೋ ಗೊತ್ತಿಲ್ಲ," ಎಂದರು. ಹಿರಿಯರು ಮಡಿಸುತ್ತಿದ್ದ ಶಾಲನ್ನು ಕೆಳಗಿಟ್ಟರು. "ಮೊದಲೇ ಹೇಳ್ಬಾರ್ದಿತ್ತಾ?" ಎಂದರು.

ಮಾರನೆಯ ದಿನ ಇವರು ಎಂದಿನಂತೆ ಐದಕ್ಕೆ ಹೊರಟರು. ಹತ್ತೂವರೆಗೆ ತಿರುಗಿ ಬಂದರು. ಆ ಹೊತ್ತಿನಲ್ಲಿ ಗೇಟಿನ ಸದ್ದು ಕೇಳಿ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದೆ.

"ಹೋಯ್ತಾ?"

"ಇಲ್ಲ. ಒಂದು ವಾರ ಸಸ್ಪೆಂಡು. ವಾರ ಆದ್ಮೇಲೆ ಬಾ ಅಂದಿದಾರೆ. ಮುಂದಿನ ಸಲ ವಾರದ ಲೆಕ್ಕ ಇರಲ್ವಂತೆ." ಕಾಗದವನ್ನು ಮೇಜಿನ ಮೇಲಿಟ್ಟರು. "ಪಾಪ, ಪಕ್ಕದ ಕುಲುಮೆಯವನಿಗೆ ಎರಡು ದಿನ. ನನ್ನಿಂದ."

ಕಾಫಿ ಕೊಟ್ಟೆ. ಕುಡಿದು, ಗೋಡೆಯ ಮೇಲಿನ ಪಾಳಿಯ ಚೀಟಿಯ ಮುಂದೆ ಬಹಳ ಹೊತ್ತು ನಿಂತರು. ಆಮೇಲೆ ಫೋನ್ ತೆಗೆದುಕೊಂಡರು.

"ಸರ್, ಎರಡನೇದು ನನ್ನ ವಾರದ ರಜೆಯ ದಿನ ಬರತ್ತೆ, ಅದಕ್ಕೆ ಖಂಡಿತ ಬರ್ತೀನಿ. ಮೊದಲನೇದಕ್ಕೆ ದೊಮ್ಮಲೂರಿನವರನ್ನ ಕರೀರಿ."

ಆ ಕಡೆಯಿಂದ ಏನಂದರೋ ಕೇಳಿಸಲಿಲ್ಲ. ಇವರು ಎರಡು ಸಲ ತಲೆಯಾಡಿಸಿ ಫೋನ್ ಇಟ್ಟರು. ಬಿಟ್ಟುಕೊಟ್ಟವರ ಮುಖ ಹೇಗಿರುತ್ತದೋ ಹಾಗೇ ಇತ್ತು ಇವರ ಮುಖ. ಮರೆತುಬಿಡು ಎಂದಿದ್ದ ನನ್ನ ಬೇಡಿಕೆಯನ್ನು ದೇವರು ಅರ್ಧ ನಡೆಸಿಕೊಟ್ಟಿದ್ದ. ಒಡೆದ ಅಂಗೈಗೆ ಹಚ್ಚಲು ಕೊಬ್ಬರಿ ಎಣ್ಣೆ ಬಿಸಿಮಾಡಲು ಒಳಗೆ ಹೋದೆ.